ಪಿಕಪ್‌ಗೆ ಹೊರಗಿನ ಎಕ್ಸಾಸ್ಟ್ ಹಾಕಿಸುವುದಾದರೆ: ಯಾವ ಉಕ್ಕು, ಎಷ್ಟು ಇಂಚು, ಎಷ್ಟು ಸದ್ದು?

ನಾಗರಬಾವಿ_ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2018ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಇದೆ. 2.5 ಲೀಟರ್ ಡೀಸೆಲ್ ಎಂಜಿನ್, ಬಿಎಸ್4 (ಹೊಗೆಯ ಮಾನದಂಡ; ಬಿಎಸ್6 ಅದರ ನಂತರದ್ದು), ಖಾಸಗಿ ನೋಂದಣಿ. ವಾರದ ದಿನಗಳಲ್ಲಿ ನಗರದೊಳಗಿನ ಓಡಾಟ, ವಾರಾಂತ್ಯದಲ್ಲಿ ಕನಕಪುರದ ಆಚೆ ಇರುವ ತೋಟಕ್ಕೆ ಗೊಬ್ಬರ, ಪೈಪು, ಸಸಿಗಳನ್ನು ಹೇರಿಕೊಂಡು ಹೋಗುವುದು, ಇಷ್ಟೇ ಅದರ ಕೆಲಸ. ಈಗ ಹಿಂಬದಿಯ ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿದು, ಡಬ್ಬಿಯ ಅಂಚಿನ ಜೋಡಣೆ ಬಿಟ್ಟುಕೊಂಡಿದೆ. ಬೆಸುಗೆ ಹಾಕಿಸಿದರೆ ಕೆಲವು ತಿಂಗಳು ತಡೆಯಬಹುದು, ಆದರೆ ತಗಡು ತೆಳ್ಳಗಾಗಿರುವುದರಿಂದ ಬದಲಿಸುವುದೇ ಲೇಸು ಎಂದು ಮೆಕ್ಯಾನಿಕ್ ಹೇಳಿದ್ದಾರೆ.

ಹೇಗೂ ಬದಲಿಸಲೇಬೇಕಾಗಿರುವುದರಿಂದ ಮೂರು ದಾರಿಗಳನ್ನು ಯೋಚಿಸುತ್ತಿದ್ದೇನೆ. ಕಂಪನಿಯ ಸೈಲೆನ್ಸರನ್ನೇ ತರಿಸಿ ಹಾಕಿಸುವುದು ಒಂದು. ವಿದೇಶದಿಂದ 3 ಇಂಚಿನ ಪೂರ್ತಿ ಸೆಟ್ಟನ್ನು ತರಿಸುವುದು ಇನ್ನೊಂದು. ಪೀಣ್ಯದ ಯಾವುದಾದರೂ ಕಾರ್ಯಾಗಾರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯಿಂದ ಮಾಡಿಸುವುದು ಮೂರನೆಯದು. 3 ಇಂಚಿನ ಸೆಟ್ ಮಾರುವವರು ಶಕ್ತಿಯೂ ಮೈಲೇಜೂ ಹೆಚ್ಚುತ್ತದೆ ಎನ್ನುತ್ತಾರೆ. ಸದ್ದು ತುಸು ಗಂಭೀರವಾದರೆ ನನ್ನ ಆಕ್ಷೇಪವಿಲ್ಲ, ಆದರೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕಿವಿಗೆ ಬಡಿಯುವ ಮೊರೆತ ಬೇಡ, ಪೊಲೀಸರ ಕಾಟವೂ ಬೇಡ. ಅನುಭವ ಉಳ್ಳವರು ದಯವಿಟ್ಟು ತಿಳಿಸಿ.

ಹಳೇ_ಡೀಸೆಲ್:

ನಾಗರಬಾವಿಯವರೇ, ಮೊದಲು ಶಕ್ತಿಯ ವಿಷಯವನ್ನು ಮುಗಿಸಿಬಿಡೋಣ, ಏಕೆಂದರೆ ಹೆಚ್ಚಿನವರು ಹಣ ಕಳೆದುಕೊಳ್ಳುವುದು ಅಲ್ಲಿಯೇ.

ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ ಎಷ್ಟು ಶಕ್ತಿ ಹುಟ್ಟಬೇಕೆಂಬುದನ್ನು ನಿರ್ಧರಿಸುವುದು ಎಷ್ಟು ಡೀಸೆಲ್ ಸಿಂಪಡಿಸಲಾಗುತ್ತದೆ ಎಂಬುದು, ಮತ್ತು ಅದನ್ನು ತೀರ್ಮಾನಿಸುವುದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್. ನಿಮ್ಮ ಗಾಡಿಯ ಎಂಜಿನ್ 134 ಬಿಎಚ್‌ಪಿ ಶಕ್ತಿ, 320 ನ್ಯೂಟನ್ ಮೀಟರ್ ತಿರುಚುಬಲ (ಟಾರ್ಕ್) ಕೊಡುವಂತೆ ಹೊಂದಿಸಲ್ಪಟ್ಟಿದೆ. ಹಿಂದಿನ ಡಬ್ಬಿಯನ್ನು ಬದಲಿಸಿದ ಮಾತ್ರಕ್ಕೆ ಇಸಿಯು ಒಂದು ಹನಿ ಡೀಸೆಲನ್ನೂ ಹೆಚ್ಚಿಗೆ ಬಿಡುವುದಿಲ್ಲ. ಟರ್ಬೊ ಒಳಗೆ ಹೊಗೆಯಿಂದ ತಿರುಗುವ ಚಕ್ರದ, ಅಂದರೆ ಟರ್ಬೈನಿನ, ಹಿಂದಿನ ಒತ್ತಡ ಇಳಿದರೆ ಟರ್ಬೊ ಸ್ವಲ್ಪ ಬೇಗ ಎಚ್ಚೆತ್ತುಕೊಳ್ಳಬಹುದು, ಅದು ನಿಜ. ಆದರೆ ಆ ಒತ್ತಡದ ದೊಡ್ಡ ಪಾಲು ಇರುವುದು ಹೊಗೆಯ ವಿಷಾನಿಲ ತಗ್ಗಿಸುವ ಮುಂದಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ, ಬಿಎಸ್6 ಗಾಡಿಗಳಲ್ಲಾದರೆ ಮಸಿ ಸೋಸುವ ಡಿಪಿಎಫ್‌ನಲ್ಲಿ. ಹಿಂಬದಿಯ ಸೈಲೆನ್ಸರಿನದು ಅಲ್ಪ ಪಾಲು. ಇಸಿಯು ಮುಟ್ಟದೆ ಹಿಂದಿನ ಅರ್ಧವನ್ನಷ್ಟೇ ಬದಲಿಸಿ ‘ಗಾಡಿ ಹಾರುತ್ತದೆ’ ಎನ್ನುವವರು ಹೆಚ್ಚಾಗಿ ಸದ್ದನ್ನೇ ವೇಗವೆಂದು ಭಾವಿಸಿರುತ್ತಾರೆ.

ಮೈಲೇಜಿನ ಮಾತಂತೂ ಇನ್ನೂ ದುರ್ಬಲ. ಆ ಹಣದಲ್ಲಿ ಟೈರಿನ ಗಾಳಿಯನ್ನು ಸರಿಯಾಗಿ ನೋಡಿಕೊಂಡು ಏರ್ ಫಿಲ್ಟರನ್ನು ಬದಲಿಸಿದರೆ ಅದಕ್ಕಿಂತ ಹೆಚ್ಚಿನ ಲಾಭವಿದೆ.

ಇನ್ನು ಅಳತೆ. ಎರಡೂವರೆ ಇಂಚಿನಿಂದ 3 ಇಂಚಿಗೆ ಹೋದರೆ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ 44 ಶೇಕಡಾದಷ್ಟು ಹೆಚ್ಚುತ್ತದೆ. 2.5 ಲೀಟರಿನ, ಮೂಲ ಹೊಂದಾಣಿಕೆಯಲ್ಲೇ ಇರುವ ಎಂಜಿನ್ನಿಗೆ ಅಷ್ಟು ಅಗಲ ಬೇಕಿಲ್ಲ. ಅಗಲ ಹೆಚ್ಚಿದಷ್ಟೂ ತಗ್ಗು ಸ್ವರದ ಸದ್ದು ಸುಲಭವಾಗಿ ಹೊರಬರುತ್ತದೆ, ಆಕ್ಸಲ್ ಮೇಲಿನ ಜಾಗ ಕಿರಿದಾಗುತ್ತದೆ, ತೂಕವೂ ಏರುತ್ತದೆ. ಈಗ ಇರುವ ಕೊಳವೆ ಎಷ್ಟಿದೆಯೆಂದು ಮೊದಲು ಅಳೆಯಿರಿ. ವರ್ನಿಯರ್ ಇಲ್ಲದಿದ್ದರೆ ದರ್ಜಿಯ ಟೇಪ್ ಸಾಕು: ಸುತ್ತಳತೆ 20 ಸೆಂ.ಮೀ. ಆಸುಪಾಸು ಬಂದರೆ ಅದು ಎರಡೂವರೆ ಇಂಚಿನ ಕೊಳವೆ, 24 ಸೆಂ.ಮೀ. ಬಂದರೆ 3 ಇಂಚಿನದು. ಕಂಪನಿ ಕೊಟ್ಟ ಅಳತೆಯನ್ನೇ ಇಟ್ಟುಕೊಳ್ಳುವುದು ನನ್ನ ಸಲಹೆ. ನೀವು ಎರಡೂವರೆ ಇಂಚನ್ನು ಮೀರಲು ನನಗೆ ಕಾರಣವೇನೂ ಕಾಣುವುದಿಲ್ಲ.

ಆಸ್ಟಿನ್_ಕನ್ನಡಿಗ:

ಹಳೇ ಡೀಸೆಲ್ ಅವರ ಮಾತಿಗೆ ಒಂದು ಹಿನ್ನೆಲೆಯನ್ನು ಸೇರಿಸುತ್ತೇನೆ. ನಾನು ಇಲ್ಲಿ ಟೆಕ್ಸಾಸ್‌ನಲ್ಲಿ 5.0 ಲೀಟರ್ ವಿ8 (ಎಂಟು ಸಿಲಿಂಡರಿನ) ಪೆಟ್ರೋಲ್ ಎಂಜಿನ್ನಿನ ಫೋರ್ಡ್ ಎಫ್-150 ಓಡಿಸುತ್ತೇನೆ. ಯೂಟ್ಯೂಬಿನಲ್ಲಿ ನೀವು ನೋಡುವ ಎಕ್ಸಾಸ್ಟ್ ವಿಡಿಯೊಗಳಲ್ಲಿ ಬಹುಪಾಲು ಇಂಥ ಗಾಡಿಗಳದೇ. ಬೋರ್ಲಾ, ಮ್ಯಾಗ್ನಾಫ್ಲೋ, ಫ್ಲೋಮಾಸ್ಟರ್, ಕೋರ್ಸಾ ಮುಂತಾದ ಎಕ್ಸಾಸ್ಟ್ ಕಂಪನಿಗಳೆಲ್ಲ ಬೆಳೆದದ್ದು ಈ ದೊಡ್ಡ ಪೆಟ್ರೋಲ್ ಎಂಜಿನ್‌ಗಳ ಸುತ್ತಲೇ. ಟರ್ಬೊ ಇಲ್ಲದ ವಿ8ನಲ್ಲಿ ಪ್ರತಿ ಸಿಲಿಂಡರಿನ ಸದ್ದಿನ ಅಲೆ ನೇರವಾಗಿ ಕೊಳವೆಗೆ ಬರುವುದರಿಂದ ಸೈಲೆನ್ಸರ್ ಬದಲಾದರೆ ಗಾಡಿಯ ದನಿಯೇ ಬದಲಾಗುತ್ತದೆ. ನಿಮ್ಮ ನಾಲ್ಕು ಸಿಲಿಂಡರಿನ ಡೀಸೆಲ್‌ನಲ್ಲಿ ಟರ್ಬೈನ್ ಆ ಅಲೆಗಳ ಬಹುಪಾಲನ್ನು ಮೊದಲೇ ಕತ್ತರಿಸಿಬಿಟ್ಟಿರುತ್ತದೆ. ಹೀಗಾಗಿ ಅದೇ ಡಬ್ಬಿಯನ್ನು ತಂದು ಹಾಕಿದರೂ ವಿಡಿಯೊದಲ್ಲಿ ಕೇಳಿದ ದನಿ ಬರುವುದಿಲ್ಲ. ಬರುವುದು ಟರ್ಬೊ ಸಿಳ್ಳೆ, ಜೊತೆಗೆ ಒಂದಿಷ್ಟು ಗೊರಗೊರ.

ಸೈಲೆನ್ಸರಿನ ಒಳರಚನೆಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಮೊದಲನೆಯದರಲ್ಲಿ ತೂತುಗಳಿರುವ ನೇರ ಕೊಳವೆಯೊಂದು ಡಬ್ಬಿಯ ಮೂಲಕ ಹಾದುಹೋಗುತ್ತದೆ, ಸುತ್ತ ಗಾಜಿನ ನಾರೋ ಉಕ್ಕಿನ ನಾರೋ ತುಂಬಿರುತ್ತದೆ. ಮ್ಯಾಗ್ನಾಫ್ಲೋ ಹೆಸರಾದದ್ದು ಈ ಬಗೆಗೆ. ಇದು ಗಾಳಿಗೆ ಅಡ್ಡಿಯಾಗುವುದು ಕಡಿಮೆ, ಕಿರುಚುವ ಮೇಲು ಸ್ವರಗಳನ್ನು ಚೆನ್ನಾಗಿ ಹೀರುತ್ತದೆ, ಆದರೆ ತಗ್ಗು ಸ್ವರಗಳನ್ನು ಹಿಡಿಯಲಾರದು. ಎರಡನೆಯದರಲ್ಲಿ ತಗಡಿನ ಗೋಡೆಗಳಿಂದ ಕೋಣೆಗಳನ್ನು ಮಾಡಿ, ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕುಗ್ಗುವಂತೆ ಮಾಡಿರುತ್ತಾರೆ. ಫ್ಲೋಮಾಸ್ಟರ್ ಪ್ರಸಿದ್ಧವಾದದ್ದು ಈ ಬಗೆಯಿಂದ. ಕಂಪನಿಯವರು ಕೊಡುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಕೋಣೆಗಳೂ ಹಿಂದುಮುಂದು ಹರಿಸುವ ಕೊಳವೆಗಳೂ ಸೇರಿರುತ್ತವೆ. ಅದು ಕಾಣುವುದಕ್ಕೆ ಕಳಪೆಯಾದರೂ ಆ ಎಂಜಿನ್ನಿಗಾಗಿಯೇ ಲೆಕ್ಕ ಹಾಕಿ ಮಾಡಿದ್ದು ಎಂಬುದನ್ನು ಮರೆಯಬಾರದು.

ಯಲಹಂಕ_1.9:

ನನ್ನದು ಬಿಎಸ್6 ವಿ-ಕ್ರಾಸ್, 1.9 ಲೀಟರ್. ನಗರದಲ್ಲೇ ಹೆಚ್ಚು ಓಡಿಸುವುದರಿಂದ ಡಿಪಿಎಫ್ ದೀಪ ಆಗಾಗ ಹೊತ್ತಿಕೊಳ್ಳುತ್ತದೆ. ಹೇಗೂ ಎಕ್ಸಾಸ್ಟ್ ಬದಲಿಸುವುದಾದರೆ ಡಿಪಿಎಫ್ ಒಳಗಿನದನ್ನು ತೆಗೆದುಹಾಕಿ ಇಸಿಯುವಿನಲ್ಲಿ ಅದನ್ನು ಮರೆಮಾಚಿಬಿಡುತ್ತೇವೆ ಎಂದು ಒಂದು ಅಂಗಡಿಯವರು ಹೇಳುತ್ತಿದ್ದಾರೆ. ಹಾಗೆ ಮಾಡಿಸಿದವರು ಯಾರಾದರೂ ಇದ್ದಾರೆಯೇ?

ಹಳೇ_ಡೀಸೆಲ್:

ಮಾಡಿಸಿದವರು ಇರುತ್ತಾರೆ, ಆದರೆ ನೀವು ಮಾಡಿಸಬೇಡಿ. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಸಾಧನ ಅದೊಂದೇ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಿಮ್ಮ ಹಿಂದೆ ನಿಂತ ಸ್ಕೂಟರಿನವರ ಮೂಗಿಗೆ ಅದು ಹೋಗಲಿ ಎನ್ನುವ ಮನಸ್ಸು ನಿಮಗಿಲ್ಲ ಎಂದೇ ತಿಳಿಯುತ್ತೇನೆ.

ದೀಪ ಹೊತ್ತಿಕೊಳ್ಳುವುದು ಡಿಪಿಎಫ್‌ನ ದೋಷವಲ್ಲ, ಓಡಾಟದ ರೀತಿಯ ಪರಿಣಾಮ. ಸಂಗ್ರಹವಾದ ಮಸಿಯನ್ನು ಸುಡಲು ಡಿಪಿಎಫ್ ಒಳಗೆ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕಾಗುತ್ತದೆ. ಇಸಿಯು ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಆ ಬಿಸಿಯನ್ನು ತರಲು ಯತ್ನಿಸುತ್ತದೆ, ಅಷ್ಟರಲ್ಲಿ ನೀವು ಮನೆ ತಲುಪಿ ಎಂಜಿನ್ ಆರಿಸಿಬಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇದೇ ಮತ್ತೆ ಮತ್ತೆ ನಡೆದರೆ ಮಸಿ ಕಟ್ಟಿಕೊಳ್ಳುತ್ತದೆ, ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಆಯಿಲಿಗೆ ಸೇರಿ ಆಯಿಲ್ ಮಟ್ಟವೇ ಏರುತ್ತದೆ. ಹಾಗಾಗಿ ಡಿಪ್‌ಸ್ಟಿಕ್ ನೋಡುವ ಅಭ್ಯಾಸವಿರಲಿ. ವಾರಕ್ಕೊಮ್ಮೆ ದೇವನಹಳ್ಳಿ ಕಡೆಗೋ ತುಮಕೂರು ರಸ್ತೆಗೋ ಹೋಗಿ, ಒಂದೇ ವೇಗದಲ್ಲಿ, ತಡೆಯಿಲ್ಲದೆ ಒಂದಿಷ್ಟು ಹೊತ್ತು ಓಡಿಸಿದರೆ ಹೆಚ್ಚಿನ ತೊಂದರೆ ತಾನಾಗಿಯೇ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸರ್ವೀಸ್ ಸೆಂಟರಿನಲ್ಲಿ ಕಂಪ್ಯೂಟರ್ ಮೂಲಕ ಸುಡಿಸಬಹುದು.

ಬಿಎಸ್6 ಗಾಡಿಯವರು ಹೊರಗಿನ ಎಕ್ಸಾಸ್ಟ್ ಹಾಕಿಸುವುದಾದರೆ ಕೊನೆಯ ಸೆನ್ಸರಿನ ಆಚೆಗೆ ಮಾತ್ರ ಕೈ ಹಾಕಬೇಕು. ಗಾಡಿಯ ಕೆಳಗೆ ಮಲಗಿ, ಕೊಳವೆಗೆ ತಂತಿ ಅಥವಾ ಸಣ್ಣ ನಳಿಕೆ ಸೇರುವ ಜಾಗಗಳನ್ನೆಲ್ಲ ಎಣಿಸಿಕೊಳ್ಳಿ. ಬಿಸಿ ಅಳೆಯುವ ಸೆನ್ಸರ್, ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್, ಕೆಲವು ಗಾಡಿಗಳಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರ್, ಎಲ್ಲವೂ ಹಾಗೆ ಕಾಣಸಿಗುತ್ತವೆ. ಇನ್ನೊಂದು ಮಾತು: ಮಸಿ ಸುಡುವ ಹೊತ್ತಿನಲ್ಲಿ ಹಿಂದಿನ ಕೊಳವೆಯೂ ಎಂದಿಗಿಂತ ಬಿಸಿಯಾಗುತ್ತದೆ. ಆ ಬಿಸಿಯನ್ನು ತಡೆಯಲಾರದ ಅಗ್ಗದ ನಾರು ತುಂಬಿದ ಡಬ್ಬಿಯನ್ನು ಇಂಥ ಗಾಡಿಗೆ ಹಾಕಿದರೆ ನಾರು ಪುಡಿಯಾಗಿ ಹೊರಬೀಳುತ್ತದೆ, ಡಬ್ಬಿ ಟೊಳ್ಳಾಗುತ್ತದೆ.

ಬಸವನಗುಡಿ_ವಕೀಲ:

ಕಾನೂನಿನ ಭಾಗವನ್ನು ನಾನು ಹೇಳುತ್ತೇನೆ. ಇದು ಸಾಮಾನ್ಯ ಮಾಹಿತಿ, ನಿಮ್ಮ ಪ್ರಕರಣಕ್ಕೆ ಕೊಟ್ಟ ಸಲಹೆಯೆಂದು ಭಾವಿಸಬೇಡಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಈ ನಿಲುವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನ 4ನೇ ಉಪವಿಧಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ತುಕ್ಕು ಹಿಡಿದ ಸೈಲೆನ್ಸರಿನ ಬದಲು ಅದೇ ಸಾಮರ್ಥ್ಯದ ಇನ್ನೊಂದನ್ನು ಹಾಕುವುದು ‘ಮಾರ್ಪಾಡು’ ಆಗುತ್ತದೆಯೇ ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ. ಏಕೆಂದರೆ ವಾಹನದ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯನ್ನು ಬದಲಿಸುವುದೇ ಮಾರ್ಪಾಡು ಎಂದು 52ನೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ.

ಆದರೆ ರಸ್ತೆಯಲ್ಲಿ ನಿಮ್ಮನ್ನು ನಿಲ್ಲಿಸುವ ಅಧಿಕಾರಿಗೆ ಆ ವಾದದ ಅಗತ್ಯವೇ ಬೀಳುವುದಿಲ್ಲ. 190ನೇ ಸೆಕ್ಷನ್ನಿನ 2ನೇ ಉಪವಿಧಿ ಶಬ್ದ ಮತ್ತು ವಾಯು ಮಾಲಿನ್ಯದ ಮಾನದಂಡ ಮೀರಿದ ವಾಹನಕ್ಕೆ ನೇರವಾಗಿ ಅನ್ವಯಿಸುತ್ತದೆ. ಮೊದಲ ಸಲಕ್ಕೇ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳ ಚಾಲನಾ ಪರವಾನಗಿ ಅನರ್ಹತೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೇ ನಿಯಮ ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. 113ನೇ ನಿಯಮದಂತೆ ಎಕ್ಸಾಸ್ಟ್ ಕೊಳವೆ ಇಂಧನದ ಕೊಳವೆಗೆ 35 ಮಿ.ಮೀ.ಗಿಂತ ಹತ್ತಿರ ಇರಬಾರದು. ಕೊಳವೆ ಬಾಗಿಸಿಕೊಡುವವರು ಈ ಕೊನೆಯದನ್ನು ಗಮನಿಸುವುದೇ ಇಲ್ಲ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಅವು ಹೆಚ್ಚಾಗಿ ಬೈಕುಗಳವು, ಆದರೆ ಕಾನೂನು ನಾಲ್ಕು ಚಕ್ರದ ವಾಹನಕ್ಕೂ ಅದೇ.

ಹಳದಿ ಫಲಕದ ಪಿಕಪ್ ಇರುವವರಿಗೆ ಇನ್ನೂ ಒಂದು ಗಂಟು ಇದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಲೇಬೇಕು, ಆಗ ಇನ್‌ಸ್ಪೆಕ್ಟರ್ ಗಾಡಿಯ ಕೆಳಗೂ ನೋಡುತ್ತಾರೆ.

ಆಸ್ಟಿನ್_ಕನ್ನಡಿಗ:

ಇಲ್ಲಿಯೂ ಎಲ್ಲವೂ ಸಡಿಲ ಎಂದು ಯಾರೂ ಭಾವಿಸಬೇಡಿ. ಡಿಪಿಎಫ್ ಕಿತ್ತುಹಾಕುವ ಸಾಮಗ್ರಿ ಮಾರಿದ ಕಂಪನಿಗಳ ಮೇಲೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದೊಡ್ಡ ಮೊತ್ತದ ದಂಡಗಳನ್ನು ವಿಧಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಹಗುರ ವಾಹನಗಳ ಎಕ್ಸಾಸ್ಟ್ ಸದ್ದಿಗೆ 95 ಡೆಸಿಬಲ್ ಮಿತಿಯಿದೆ. ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಭಾಗವನ್ನು ಮಾತ್ರ ಬದಲಿಸುವ ಸೆಟ್‌ಗಳು ಇಲ್ಲಿ ಇಷ್ಟು ಜನಪ್ರಿಯವಾಗಿರುವುದಕ್ಕೆ, ಅವು ಮಾಲಿನ್ಯ ನಿಯಂತ್ರಣದ ಸಾಧನಗಳನ್ನು ಮುಟ್ಟುವುದಿಲ್ಲ ಎನ್ನುವುದೂ ಒಂದು ಕಾರಣ.

ನಾಗರಬಾವಿ_ಪಿಕಪ್:

ಎಲ್ಲರಿಗೂ ಧನ್ಯವಾದ. ಶಕ್ತಿಯ ಆಸೆಯನ್ನು ಬಿಟ್ಟಿದ್ದೇನೆ. ದರ್ಜಿಯ ಟೇಪಿನಿಂದ ಅಳೆದೆ, 3 ಇಂಚಿನ ಮಾತು ಅಲ್ಲಿಗೆ ಮುಗಿಯಿತು. ಕಂಪನಿಯ ಸೈಲೆನ್ಸರಿಗೆ ಕೇಳಿದ ಬೆಲೆ ಹೆಚ್ಚೆನಿಸಿತು, ಅದಕ್ಕಿಂತ ಹೆಚ್ಚಾಗಿ ಅದು ಬರುವುದು ಎಂದೆಂದು ಯಾರೂ ಖಚಿತವಾಗಿ ಹೇಳುತ್ತಿಲ್ಲ. ಹೀಗಾಗಿ ಮಾಡಿಸುವ ಕಡೆಗೇ ಒಲವು. ಈಗ ಉಳಿದಿರುವ ಪ್ರಶ್ನೆ ಉಕ್ಕಿನದು. ಜೆ.ಸಿ. ರಸ್ತೆಯಲ್ಲಿ ಒಬ್ಬರು 304 ದರ್ಜೆಯ ಸ್ಟೇನ್‌ಲೆಸ್ ಎಂದು ತೋರಿಸಿ, ಅಯಸ್ಕಾಂತ ಅಂಟುವುದಿಲ್ಲ ನೋಡಿ ಎಂದು ಪರೀಕ್ಷೆಯನ್ನೂ ಮಾಡಿದರು. ಅಷ್ಟು ಸಾಕೇ?

ಪೀಣ್ಯದ_ಟಿಗ್:

ಸಾಲದು ಸಾರ್. ವೃತ್ತಿಯಿಂದ ನಾನು ಸ್ಟೇನ್‌ಲೆಸ್ ಬೆಸುಗೆಯವನು, ಆಹಾರ ಕಾರ್ಖಾನೆಗಳ ಕೊಳವೆ ಕೆಲಸ ಮುಖ್ಯ, ಎಕ್ಸಾಸ್ಟ್ ಕೆಲಸ ಆಗೊಮ್ಮೆ ಈಗೊಮ್ಮೆ. ಅಯಸ್ಕಾಂತದ ಪರೀಕ್ಷೆ 304ನ್ನು ಕಬ್ಬಿಣದಿಂದ ಬೇರ್ಪಡಿಸುತ್ತದೆ, ಆದರೆ ನಮ್ಮಲ್ಲಿ ಮನೆಯ ಕಟಕಟೆಗೂ ಗೇಟಿಗೂ ಹೇರಳವಾಗಿ ಬಳಸುವ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಹೊಸದಿದ್ದಾಗ ಎರಡೂ ಒಂದೇ ಥರ ಹೊಳೆಯುತ್ತವೆ. ಬಿಸಿ, ನೀರು, ಆಮ್ಲದ ತೇವಾಂಶ ಮೂರೂ ಕೂಡುವ ಜಾಗದಲ್ಲಿ 202 ಬೇಗ ಸೋಲುತ್ತದೆ. ಗುಜರಿ ವ್ಯಾಪಾರಿಗಳು ಬಳಸುವ ದ್ರಾವಣದ ಹನಿ ಪರೀಕ್ಷೆ ಮಾಡಿಸಿ, ಇಲ್ಲವೇ ಲೋಹದ ಸಂಯೋಜನೆ ಹೇಳುವ ಎಕ್ಸ್‌ರೇ ಗನ್ ಇರುವ ಕಡೆ ತೋರಿಸಿ. ಪೀಣ್ಯದಲ್ಲಿ ಅಂಥ ಪರೀಕ್ಷಾಲಯಗಳಿಗೆ ಕೊರತೆಯಿಲ್ಲ.

ಇದರ ಜೊತೆಗೆ ದಪ್ಪ. 1.5 ಮಿ.ಮೀ. ಎಂದು ಹೇಳಿ 1.2 ಮಿ.ಮೀ. ಕೊಡುವುದು ಮಾಮೂಲು. ತುಂಡಿನ ಬಾಯಿಯನ್ನು ಅಳೆದರೆ ಕತ್ತರಿಸಿದ ಅಂಚಿನ ಮುರುಕು ಮೋಸ ಮಾಡಬಹುದು, ತೂಕ ಮೋಸ ಮಾಡುವುದಿಲ್ಲ. ಎರಡೂವರೆ ಇಂಚಿನ, 1.5 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಸುಮಾರು 2.3 ಕೆ.ಜಿ. ತೂಗಬೇಕು. 1.2 ಮಿ.ಮೀ. ಆದರೆ 1.9 ಕೆ.ಜಿ.ಯನ್ನೂ ಮುಟ್ಟುವುದಿಲ್ಲ. ಕೊಳವೆ ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ.

ಇನ್ನು 304 ಬೇಕೇ, 409 ಸಾಕೇ ಎಂಬ ಪ್ರಶ್ನೆ. ವಾಹನ ಕಂಪನಿಗಳು ಹೆಚ್ಚಾಗಿ ಬಳಸುವ 409ರಲ್ಲಿ ಕ್ರೋಮಿಯಂ ಸುಮಾರು 11 ಶೇಕಡಾ, 304ರಲ್ಲಿ 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕಲ್. 409ರ ಮೇಲ್ಮೈ ಕಂದುಬಣ್ಣಕ್ಕೆ ತಿರುಗುತ್ತದೆ, ಆದರೆ ತೂತು ಬೀಳಲು ವರ್ಷಗಳೇ ಬೇಕು. ಅದಕ್ಕೆ ಅಯಸ್ಕಾಂತ ಅಂಟುತ್ತದೆ, ಆದ್ದರಿಂದ ‘ಅಂಟಿದರೆ ಕಳಪೆ’ ಎನ್ನುವ ಮಾತೂ ಪೂರ್ತಿ ನಿಜವಲ್ಲ. 304 ಬಾಳಿಕೆಯಲ್ಲಿ ಮೇಲು, ಆದರೆ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಮೂರು ಮೀಟರ್ ಉದ್ದದ ಕೊಳವೆ 300 ಡಿಗ್ರಿ ಬಿಸಿಯೇರಿದರೆ 304 ಸುಮಾರು 15 ಮಿ.ಮೀ. ಉದ್ದವಾಗುತ್ತದೆ, 409 ಹತ್ತರ ಆಸುಪಾಸು. ಆ ಹಿಗ್ಗುವಿಕೆಗೆ ಜಾಗ ಕೊಡದೆ, ಬಳುಕುವ ಸುಕ್ಕುಕೊಳವೆಯೂ ಇಲ್ಲದೆ, ಕೊಳವೆಯನ್ನು ತೂಗುಹಾಕುವ ಹ್ಯಾಂಗರ್ ರಬ್ಬರ್‌ಗಳನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಬಿರುಕು ಬಿಡುವುದು ಬೆಸುಗೆಯ ಪಕ್ಕದಲ್ಲೇ.

ಬೆಸುಗೆಯ ಬಗ್ಗೆ ಗ್ರಾಹಕರು ಹೊರಗಿನ ಬಣ್ಣ ನೋಡಿ ಮೆಚ್ಚುತ್ತಾರೆ. ನೀವು ಒಳಗೆ ನೋಡಿ. 304 ಕೊಳವೆಯ ಒಳಗೆ ಆರ್ಗಾನ್ ಅನಿಲ ತುಂಬದೆ ಟಿಗ್ ಬೆಸುಗೆ (ವಿದ್ಯುತ್ ಕಿಡಿಯ ಬೆಸುಗೆ) ಮಾಡಿದರೆ, ಬೆಸುಗೆಯ ಒಳಬದಿ ಕಪ್ಪಾಗಿ, ಬೆಲ್ಲದ ಪುಡಿ ಉದುರಿದಂತೆ ಗರುಕು ಗರುಕಾಗುತ್ತದೆ. ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಕೆಲಸ ಶುರುವಾಗುವ ಮುನ್ನ ಎರಡು ತುಂಡು ಜೋಡಿಸಿ ತೋರಿಸಿ ಎಂದು ಕೇಳಿ, ಒಳಗೆ ಟಾರ್ಚ್ ಬಿಟ್ಟು ನೋಡಿ. 304ಕ್ಕೆ 304 ಜೋಡಿಸುವಾಗ 308ಎಲ್ ಕಡ್ಡಿ, ಗಾಡಿಯ ಹಳೆಯ ಕಬ್ಬಿಣದ ಫ್ಲ್ಯಾಂಜಿಗೆ ಜೋಡಿಸುವಾಗ 309ಎಲ್ ಕಡ್ಡಿ ಬಳಸುತ್ತಾರೆಯೇ ಎಂದೂ ವಿಚಾರಿಸಿ. ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ.

ಬಾಗುಗಳು ಮ್ಯಾಂಡ್ರೆಲ್ ಬೆಂಡ್, ಅಂದರೆ ಒಳಗೆ ಆಧಾರ ಕೊಟ್ಟು ಬಾಗಿಸಿದವು, ಆಗಿರಲಿ. ಒತ್ತಿ ಬಾಗಿಸಿದ ಕೊಳವೆ ಬಾಗಿನಲ್ಲಿ ಚಪ್ಪಟೆಯಾಗುತ್ತದೆ, ಆಗ ನೀವು ಎರಡೂವರೆ ಇಂಚಿಗೆ ಹಣ ಕೊಟ್ಟು ಎರಡು ಇಂಚಿನ ದಾರಿ ಪಡೆದಂತಾಗುತ್ತದೆ. ಸಿದ್ಧ ಬಾಗುಗಳನ್ನು ಕೊಂಡು ತಂದು ಕತ್ತರಿಸಿ ಜೋಡಿಸುವುದೂ ಒಳ್ಳೆಯ ಕ್ರಮವೇ.

ಕಪ್ಪು_ಹೈಲಕ್ಸ್:

ಮೊರೆತದ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ನನ್ನ ಹೈಲಕ್ಸ್‌ಗೆ ಹಿಂದಿನ ಮಾಲೀಕರು ನೇರ ಕೊಳವೆಯ ಡಬ್ಬಿ ಹಾಕಿಸಿದ್ದರು. ನಗರದಲ್ಲಿ ಏನೂ ಅನ್ನಿಸುವುದಿಲ್ಲ. ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕ್ಯಾಬಿನ್ ಪೂರ್ತಿ ಗುಂಯ್ ಎನ್ನುತ್ತದೆ, ಬಿಡದಿ ದಾಟುವಷ್ಟರಲ್ಲಿ ಹಿಂದೆ ಕೂತವರಿಗೆ ತಲೆನೋವು. ಅದಕ್ಕೆ ಬದಿಗೆ ಮುಚ್ಚಿದ ಕೊಳವೆಯೊಂದನ್ನು ಸೇರಿಸಿದರೆ ಸರಿಹೋಗುತ್ತದೆ ಎಂದು ಅಮೆರಿಕದ ವಿಡಿಯೊಗಳಲ್ಲಿ ತೋರಿಸುತ್ತಾರೆ. ಯಾರಾದರೂ ಪ್ರಯೋಗಿಸಿದ್ದೀರಾ?

ಹಳೇ_ಡೀಸೆಲ್:

ಆ ಉಪಾಯದ ಲೆಕ್ಕ ನೋಡೋಣ. ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 67 ಸಿಡಿತ, ಅಂದರೆ 67 ಹರ್ಟ್ಸ್. ವಿ8 ಅದೇ ಸುತ್ತಿನಲ್ಲಿ ಅದರ ಇಮ್ಮಡಿ, 133 ಹರ್ಟ್ಸ್. ಬದಿಯ ಮುಚ್ಚಿದ ಕೊಳವೆ ಒಂದು ಸ್ವರವನ್ನು ಅಡಗಿಸಬೇಕಾದರೆ ಅದರ ಉದ್ದ ಆ ಸ್ವರದ ಅಲೆಯುದ್ದದ ಕಾಲುಭಾಗ ಇರಬೇಕು. ಬಿಸಿ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 340 ಮೀಟರಿಗಿಂತ ಸಾಕಷ್ಟು ಹೆಚ್ಚು, 200ರಿಂದ 300 ಡಿಗ್ರಿಯಲ್ಲಿ 440ರಿಂದ 480 ಮೀಟರ್. ಅದರಂತೆ ನಿಮ್ಮ ಗಾಡಿಗೆ ಒಂದೂವರೆ ಮೀಟರಿಗೂ ಹೆಚ್ಚು ಉದ್ದದ ಕೊಳವೆ ಬೇಕು, ವಿ8ಗೆ ಅದರ ಅರ್ಧ ಸಾಕು. ಅಮೆರಿಕದ ಪಿಕಪ್ ಗಾತ್ರದಲ್ಲೂ ದೊಡ್ಡದು, ಬೇಕಾದ ಕೊಳವೆಯೂ ಚಿಕ್ಕದು. ನಿಮ್ಮಲ್ಲಿ ಸ್ಪೇರ್ ಟೈರ್, ಡೀಸೆಲ್ ಟ್ಯಾಂಕ್, ಬ್ರೇಕ್ ಕೊಳವೆಗಳ ನಡುವೆ ಅಷ್ಟು ಉದ್ದದ್ದನ್ನು ಮಲಗಿಸಲು ಜಾಗ ಹುಡುಕುವುದು ಕಷ್ಟ. ಸಾಧ್ಯವಾದರೂ ಅದು ಒಂದು ಕಿರಿದಾದ ಸುತ್ತಿನ ವ್ಯಾಪ್ತಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಹಾಗಾಗಿ ನಾಲ್ಕು ಸಿಲಿಂಡರಿನ ಡೀಸೆಲ್‌ಗೆ ನನ್ನ ಆಯ್ಕೆ ಕೋಣೆಗಳಿರುವ, ಹೊಟ್ಟೆ ದೊಡ್ಡದಿರುವ ಡಬ್ಬಿಯೇ. ತಗ್ಗು ಸ್ವರವನ್ನು ಅಡಗಿಸಲು ಗಾತ್ರವೇ ಬೇಕು. ಹಳೆಯ ಡಬ್ಬಿಗಿಂತ ಚಿಕ್ಕದಾದ, ಅಂದವಾದ ಡಬ್ಬಿಯನ್ನು ಯಾರಾದರೂ ತೋರಿಸಿದರೆ ಅದು ಎಷ್ಟೇ ಹೊಳೆಯಲಿ ಬೇಡವೆನ್ನಿ. ಸದ್ದು 10 ಡೆಸಿಬಲ್ ಏರಿದರೆ ಕಿವಿಗೆ ಇಮ್ಮಡಿಯಾದಂತೆ ಕೇಳುತ್ತದೆ, ಆದ್ದರಿಂದ ‘ಸ್ವಲ್ಪವೇ ಹೆಚ್ಚು’ ಎನ್ನುವ ಅಂಗಡಿಯವರ ಮಾತನ್ನು ಅಂಗಡಿಯ ಮುಂದೆ ಎಂಜಿನ್ ಎಬ್ಬಿಸಿ ಪರೀಕ್ಷಿಸಬೇಡಿ, ಹೆದ್ದಾರಿಯಲ್ಲಿ ಪರೀಕ್ಷಿಸಿ.

ನಿರ್ವಾಹಕರು:

ಸದಸ್ಯರ ಗಮನಕ್ಕೆ: ಕಾರ್ಯಾಗಾರಗಳ ದೂರವಾಣಿ ಸಂಖ್ಯೆ ಮತ್ತು ಬೆಲೆಪಟ್ಟಿಯಿದ್ದ ಎರಡು ಉತ್ತರಗಳನ್ನು ತೆಗೆದುಹಾಕಲಾಗಿದೆ. ಪರಿಚಯಕ್ಕೆ ಖಾಸಗಿ ಸಂದೇಶವನ್ನು ಬಳಸಿ.

ನಾಗರಬಾವಿ_ಪಿಕಪ್:

ತೀರ್ಮಾನ ತಿಳಿಸುತ್ತೇನೆ. ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಅದರ ಮುಂದಿನದೆಲ್ಲ ಹಾಗೆಯೇ ಇರುತ್ತದೆ. ಅದರ ಹಿಂದಿನ ಕೊಳವೆ 304ರಲ್ಲಿ, ಈಗಿರುವ ಅಳತೆಯಲ್ಲೇ. ಹಳೆಯ ಡಬ್ಬಿಗಿಂತ ಚಿಕ್ಕದಲ್ಲದ, ಕೋಣೆಗಳಿರುವ ಸೈಲೆನ್ಸರ್. ಹೊಗೆಯ ಬಾಯಿ ಕಂಪನಿ ಇಟ್ಟ ಜಾಗದಲ್ಲಿ, ಕಂಪನಿ ಇಟ್ಟ ದಿಕ್ಕಿಗೇ. ಹಳೆಯ ಸೆಟ್ಟನ್ನು ಗುಜರಿಗೆ ಹಾಕದೆ ಬೆಸುಗೆ ಹಾಕಿಸಿ ಇಟ್ಟುಕೊಳ್ಳುತ್ತೇನೆ. ಮುಗಿದ ಮೇಲೆ ಎಮಿಷನ್ ಟೆಸ್ಟ್ ಹೊಸದಾಗಿ ಮಾಡಿಸಿ, ವಿಮಾ ಕಂಪನಿಗೂ ಬರೆದು ತಿಳಿಸುತ್ತೇನೆ. ಬೇರೇನಾದರೂ ಬಿಟ್ಟುಹೋಗಿದೆಯೇ?

ಪೀಣ್ಯದ_ಟಿಗ್:

ಒಂದು ಬಿಟ್ಟುಹೋಗಿದೆ ಸಾರ್, ಪಿಕಪ್‌ಗಳಲ್ಲಿ ಅದೇ ಮುಖ್ಯ. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿದಾಗ ಹಿಂದಿನ ಆಕ್ಸಲ್ ಕೆಳಕ್ಕೆ ಜೋತುಬೀಳುತ್ತದೆ, ಆಗ ಆಕ್ಸಲ್ ಮೇಲೆ ಹಾದುಹೋಗುವ ಕೊಳವೆಗೂ ಆಕ್ಸಲ್‌ಗೂ ನಡುವೆ ಕೈ ತೂರುವಷ್ಟು ಜಾಗ ಕಾಣುತ್ತದೆ. ಬೆಸುಗೆಯವರು ಅದನ್ನು ನೋಡಿಯೇ ಕೊಳವೆಯನ್ನು ಕೂರಿಸಿಬಿಡುತ್ತಾರೆ. ನೀವು ತೋಟಕ್ಕೆ ಗೊಬ್ಬರದ ಮೂಟೆ ಹೇರಿ ಒಂದು ಹಳ್ಳ ದಾಟುತ್ತಿದ್ದಂತೆ ಲೀಫ್ ಸ್ಪ್ರಿಂಗ್ ಕುಸಿದು ಆಕ್ಸಲ್ ಮೇಲೇರಿ ಹೊಸ ಕೊಳವೆಗೆ ಗುದ್ದುತ್ತದೆ. ಆದ್ದರಿಂದ ಕೊಳವೆಯನ್ನು ಮೊದಲು ಚುಕ್ಕಿ ಬೆಸುಗೆಯಲ್ಲಿ ಮಾತ್ರ ನಿಲ್ಲಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಹಿಂದೆ ಭಾರ ಹಾಕಿ, ಬಂಪ್ ಸ್ಟಾಪ್‌ವರೆಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ಆಕ್ಸಲ್ ಏರಿದರೂ ಕೊಳವೆಗೆ ತಾಗುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಪೂರ್ತಿ ಬೆಸುಗೆ ಹಾಕಬೇಕು. ಆಗಲೇ ಬ್ರೇಕ್ ಕೊಳವೆ, ಡೀಸೆಲ್ ಕೊಳವೆ, ಸ್ಪೇರ್ ಟೈರ್ ಎಷ್ಟು ದೂರ ಇವೆ ಎಂದೂ ಅಳೆದುಕೊಳ್ಳಿ. ಹತ್ತಿರವಿರುವ ಕಡೆ ಹಳೆಯ ಶಾಖತಡೆ ತಗಡನ್ನು ಮರಳಿ ಹಾಕಿಸಿ.

ಜೋಡಣೆಗೆ ಯು-ಬೋಲ್ಟ್ ಕ್ಲಾಂಪ್ ಬೇಡ, ಅದು ಕೊಳವೆಯನ್ನು ಕಚ್ಚಿ ಹಿಸುಕುತ್ತದೆ, ಮುಂದೊಮ್ಮೆ ಬಿಚ್ಚಲು ಬರುವುದಿಲ್ಲ. ಪಟ್ಟಿ ಕ್ಲಾಂಪ್ ಅಥವಾ ಗ್ಯಾಸ್ಕೆಟ್ ಇರುವ ಫ್ಲ್ಯಾಂಜ್ ಹಾಕಿಸಿ. ಡಬ್ಬಿಯ ಅತಿ ತಗ್ಗಿನ ಜಾಗದಲ್ಲಿ ನೀರಿಳಿಯಲು 3 ಮಿ.ಮೀ. ತೂತೊಂದು ಇರಲಿ. ನಗರದ ಚಿಕ್ಕ ಓಡಾಟದಲ್ಲಿ ಹೊಗೆಯ ತೇವ ಆವಿಯಾಗದೆ ಒಳಗೇ ನಿಲ್ಲುವುದರಿಂದಲೇ ನಿಮ್ಮ ಮೊದಲ ಡಬ್ಬಿ ಒಳಗಿನಿಂದ ತಿಂದುಹೋಗಿರಬೇಕು.

ನಾಗರಬಾವಿ_ಪಿಕಪ್:

ಭಾರಕ್ಕೆ ಏನು ಹಾಕಲಿ? ಕಾರ್ಯಾಗಾರದಲ್ಲಿ ಮೂಟೆಗಳಿರುವುದಿಲ್ಲವಲ್ಲ.

ಪೀಣ್ಯದ_ಟಿಗ್:

ಬರುವ ದಾರಿಯಲ್ಲಿ ಸಿಮೆಂಟ್ ಅಂಗಡಿಯಿಂದ 50 ಕೆ.ಜಿ.ಯ ಹತ್ತು ಮೂಟೆ ಹೇರಿಕೊಂಡು ಬನ್ನಿ, ತೋಟಕ್ಕೆ ಹೇಗೂ ಬೇಕಾಗುತ್ತದೆ. ಅದು ಸಾಲದಿದ್ದರೆ ಆಕ್ಸಲ್ ಕೆಳಗೆ ಜಾಕ್ ಇಟ್ಟು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ ನೋಡಬಹುದು. ಗಾಡಿ ತರುವ ಹಿಂದಿನ ರಾತ್ರಿ ಎಕ್ಸಾಸ್ಟಿನ ಹಳೆಯ ಬೋಲ್ಟುಗಳಿಗೆಲ್ಲ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಡಿ, ಇಲ್ಲದಿದ್ದರೆ ಅರ್ಧ ದಿನ ಅವುಗಳನ್ನು ಕತ್ತರಿಸುವುದರಲ್ಲೇ ಹೋಗುತ್ತದೆ.